ಮೀನಿನ ತೊಟ್ಟಿಗೆ ಕೋಡಿ: ಇಳಿಪೈಪಿನ ಅಳತೆಯನ್ನು ಮನೆಯಲ್ಲೇ ಲೆಕ್ಕ ಹಾಕುವ ಕ್ರಮ

ಸಂಪ್ ಜೋಡಿಸಿದ ಅಕ್ವೇರಿಯಂ ಎಂದರೆ ಮೇಲೊಂದು ಗಾಜಿನ ತೊಟ್ಟಿ, ಸ್ಟ್ಯಾಂಡಿನ ಒಳಗೆ ಕೆಳಗೊಂದು ಚಿಕ್ಕ ತೊಟ್ಟಿ; ಈ ಕೆಳಗಿನದೇ ಸಂಪ್. ಮೇಲಿನಿಂದ ಕೆಳಕ್ಕೆ ನೀರು ತಾನಾಗಿ ಇಳಿಯುತ್ತದೆ, ಕೆಳಗೆ ಸೋಸಿದ ಮೇಲೆ ಪಂಪು ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಪಂಪನ್ನು ಅಂಗಡಿಯಿಂದ ತಂದರಾಯಿತು. ನೀರು ಇಳಿಯುವ ದಾರಿಯನ್ನು, ಎಂದರೆ ಕೋಡಿಯನ್ನು ಮತ್ತು ಅದರ ಪೈಪುಗಳನ್ನು, ಮಾತ್ರ ನಾವೇ ಅಳೆದು ಕಟ್ಟಬೇಕು. ಕರೆಂಟ್ ಇದ್ದು ಎಲ್ಲವೂ ಸರಿಯಾಗಿ ನಡೆಯುವಾಗ ಯಾವ ಅಳತೆಯ ಪೈಪು ಹಾಕಿದರೂ ಹೇಗೋ ಕೆಲಸ ಸಾಗುತ್ತದೆ. ಅಳತೆಯ ಬೆಲೆ ಗೊತ್ತಾಗುವುದು ಕರೆಂಟ್ ಹೋದಾಗ, ಹೋದದ್ದು ಮತ್ತೆ ಬಂದಾಗ ಮತ್ತು ಪೈಪಿನೊಳಗೆ ಏನಾದರೂ ಸಿಕ್ಕಿಕೊಂಡಾಗ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಮಳೆಗೆ ಮರಗಳು ತಂತಿಯ ಮೇಲೆ ಬೀಳುವ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಈ ಸಂದರ್ಭಗಳು ಒಂದೇ ರಾತ್ರಿಯಲ್ಲಿ ಹಲವು ಸಲ ಬರುವುದು ಸಾಮಾನ್ಯವಾದ್ದರಿಂದ, ಇಲ್ಲಿನ ಮನೆಗಳಲ್ಲಿ ಕೋಡಿಯನ್ನು ಆ ಗಳಿಗೆಗಳಿಗಾಗಿಯೇ ಲೆಕ್ಕ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಮುಂದಿನ ಲೆಕ್ಕಗಳೆಲ್ಲ ಅದೇ ದೃಷ್ಟಿಯಿಂದ ಮಾಡಿದವು.

ಉದಾಹರಣೆಗೆ ನಮ್ಮಲ್ಲಿ ಹೆಚ್ಚಾಗಿ ಕಾಣುವ ನಾಲ್ಕು ಅಡಿಯ ತೊಟ್ಟಿಯನ್ನು ತೆಗೆದುಕೊಳ್ಳೋಣ. ಒಳ ಅಳತೆ 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ ಎಂದಿರಲಿ. ಅಂಚಿನ ತನಕ ತುಂಬದೆ ಬಿಟ್ಟರೆ ಸುಮಾರು 225 ಲೀಟರ್ ನೀರು ಹಿಡಿಯುತ್ತದೆ. ಸ್ಟ್ಯಾಂಡ್ 80 ಸೆಂ.ಮೀ. ಎತ್ತರವಿದೆ, ಅದರೊಳಗಿನ ಸಂಪ್ 75 ಸೆಂ.ಮೀ. ಉದ್ದ, 35 ಅಗಲ, 38 ಎತ್ತರ. ನಿಮ್ಮ ತೊಟ್ಟಿಯ ಅಳತೆ ಬೇರೆಯಿದ್ದರೆ ಅಂಕಿಗಳನ್ನು ಬದಲಿಸಿಕೊಳ್ಳಿ, ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ನಿಜವಾಗಿ ಎಷ್ಟು ನೀರು ಹರಿಯುತ್ತದೆ

ಪಂಪಿನ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಗಂಟೆಗೆ 3,000 ಲೀಟರ್ ಎಂದು ಬರೆದಿದ್ದರೆ ಅದು ನೀರನ್ನು ಒಂದಿಷ್ಟೂ ಮೇಲಕ್ಕೆತ್ತದೆ ಹರಿಸಿದಾಗಿನ ಅಳತೆ. ಒಂದು ಮೀಟರ್ ಎತ್ತರಕ್ಕೆ, ಎರಡು ಮೂರು ಎಲ್ಬೋಗಳನ್ನು (ಪೈಪು ತಿರುಗಿಸುವ ಬಾಗು ಜೋಡಣೆಗಳನ್ನು) ದಾಟಿಸಿ ನೀರು ತಳ್ಳುವಾಗ ಅದೇ ಪಂಪು ಬಹಳ ಕಡಿಮೆ ಕೊಡುತ್ತದೆ. ಪಂಪಿನ ಪೈಪನ್ನು ತೊಟ್ಟಿಯ ಅಂಚಿನ ಎತ್ತರಕ್ಕೆ ಹಿಡಿದು, 20 ಲೀಟರ್ ಗುರುತಿರುವ ಬಕೆಟ್ ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ಎಂದು ನೋಡಿ. 72,000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 40 ಸೆಕೆಂಡ್ ಹಿಡಿದರೆ 1,800 ಲೀಟರ್. ನಮ್ಮ 225 ಲೀಟರಿನ ತೊಟ್ಟಿಯ ನೀರು ಗಂಟೆಗೆ ಎಂಟು ಬಾರಿ ಸುತ್ತಿದಂತಾಯಿತು. ಗೋಲ್ಡ್‌ಫಿಶ್‌ನಂತಹ ಹೊಲಸು ಹೆಚ್ಚು ಮಾಡುವ ಮೀನುಗಳಿಗೆ ಇದು ಸರಿ, ಗಿಡಗಳೇ ತುಂಬಿರುವ ತೊಟ್ಟಿಗೆ ಐದು ಬಾರಿಯೂ ಸಾಕು.

ಈ ಅಳತೆಯನ್ನು ಪಂಪು ಹೊಸದಾಗಿ, ಸ್ವಚ್ಛವಾಗಿ ಇರುವಾಗಲೇ ಮಾಡಬೇಕು. ಪಾಚಿ ಕಟ್ಟಿದ ಪಂಪನ್ನು ಅಳೆದು ಅದಕ್ಕೆ ತಕ್ಕಂತೆ ಕೋಡಿ ಕಟ್ಟಿದರೆ, ಪಂಪನ್ನು ತೊಳೆದ ದಿನ ನೀರು ಹೆಚ್ಚಾಗಿ ಕೋಡಿ ಸಾಲದೆ ಹೋಗುತ್ತದೆ. ಅಳೆದ ಅಂಕಿಗೆ ಕಾಲು ಭಾಗ ಸೇರಿಸಿಕೊಳ್ಳಿ. ನಮ್ಮ ಲೆಕ್ಕಕ್ಕೆ ಬರುವುದು 2,250 ಲೀಟರ್, ಮುಂದೆ ಎಲ್ಲೆಡೆಯೂ ಇದೇ ಅಂಕಿ.

ಎರಡನೆಯ ಹೆಜ್ಜೆ: ಕೋಡಿಯ ಉದ್ದ

ತೊಟ್ಟಿಯ ಹಿಂಬದಿಯ ಗಾಜಿಗೆ ಅಂಟಿಕೊಂಡಂತೆ ಒಳಗೊಂದು ಕಿರಿದಾದ ಗಾಜಿನ ಪೆಟ್ಟಿಗೆ ನಿಲ್ಲಿಸಿ, ಅದರ ಮೇಲಂಚನ್ನು ದಾಟಿ ನೀರು ಪೆಟ್ಟಿಗೆಯೊಳಗೆ ಬೀಳುವಂತೆ ಮಾಡುವುದು ನಾನು ಸೂಚಿಸುವ ವಿಧಾನ. ಪೈಪುಗಳು ಈ ಪೆಟ್ಟಿಗೆಯ ತಳದಿಂದ ಹೊರಡುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆಯಂತಹ ಕೆರೆಗೂ ಇದೇ ನಿಯಮ: ಕೋಡಿ ಉದ್ದವಿದ್ದಷ್ಟೂ ಅದರ ಮೇಲೆ ಹರಿಯುವ ನೀರಿನ ಪದರ ತೆಳುವಾಗುತ್ತದೆ, ಕೆರೆಯ ಮಟ್ಟ ಏರಿಳಿಯುವುದು ಕಡಿಮೆಯಾಗುತ್ತದೆ.

ಅಂಚಿನ ಮೇಲೆ ನಿಂತ ನೀರಿನ ಎತ್ತರಕ್ಕೂ ಹರಿಯುವ ಪ್ರಮಾಣಕ್ಕೂ ಇರುವ ಸಂಬಂಧ ನೇರವಾದದ್ದಲ್ಲ. ಎತ್ತರ ಎರಡರಷ್ಟಾದರೆ ಹರಿವು ಹೆಚ್ಚುಕಡಿಮೆ ಮೂರರಷ್ಟಾಗುತ್ತದೆ. ಹಲ್ಲುಗಳಿಲ್ಲದ ನೇರ ಅಂಚಿನ ಪ್ರತಿ ಸೆಂಟಿಮೀಟರ್ ಉದ್ದದ ಮೇಲೆ, ನೀರು ಅರ್ಧ ಸೆಂ.ಮೀ. ನಿಂತಾಗ ಗಂಟೆಗೆ ಸುಮಾರು 23 ಲೀಟರ್, 1 ಸೆಂ.ಮೀ. ನಿಂತಾಗ 66, ಒಂದೂವರೆ ಸೆಂ.ಮೀ. ನಿಂತಾಗ 121, 2 ಸೆಂ.ಮೀ. ನಿಂತಾಗ 187 ಲೀಟರ್ ಹರಿಯುತ್ತದೆ. ಈ ನಾಲ್ಕು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸೂತ್ರದ ಗೊಡವೆಯೇ ಬೇಡ.

ಪೆಟ್ಟಿಗೆಯ ಮುಂಭಾಗ 30 ಸೆಂ.ಮೀ., ಎರಡು ಪಕ್ಕಗಳು ತಲಾ 10 ಸೆಂ.ಮೀ. ಇದ್ದರೆ ಒಟ್ಟು ಅಂಚು 50 ಸೆಂ.ಮೀ. ಆಗುತ್ತದೆ. ಆದರೆ ಮೀನು ಒಳಗೆ ಜಾರದಂತೆ ಅಂಚಿಗೆ ಬಾಚಣಿಗೆಯ ಹಲ್ಲುಗಳಂತೆ ಸೀಳು ಮಾಡಬೇಕಾಗುತ್ತದೆ. ಸಣ್ಣ ಮೀನುಗಳಿದ್ದರೆ ಸೀಳು 6 ಮಿ.ಮೀ.ಗಿಂತ ಅಗಲವಿರಬಾರದು. ಹಲ್ಲು ಮತ್ತು ಸೀಳು ಒಂದೇ ಅಗಲವಿದ್ದರೆ ನೀರಿಗೆ ಉಳಿಯುವುದು ಅರ್ಧ, ಎಂದರೆ 25 ಸೆಂ.ಮೀ. ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಇಕ್ಕಟ್ಟಾದ ಸೀಳಿನಲ್ಲಿ ನೀರು ಎರಡೂ ಬದಿಯಿಂದ ಒಳಕ್ಕೆ ಬಾಗಿ ಹರಿಯುವುದರಿಂದ ಸೀಳಿನ ಪೂರ್ತಿ ಅಗಲ ಕೆಲಸಕ್ಕೆ ಬರುವುದಿಲ್ಲ, ಇನ್ನೂ ಮೂರನೆಯ ಒಂದು ಭಾಗವನ್ನಾದರೂ ಕಳೆಯಬೇಕು. ಕೊನೆಗೆ ನಂಬಬಹುದಾದ ಉದ್ದ 17 ಸೆಂ.ಮೀ. ಮಾತ್ರ. 2,250ನ್ನು 17ರಿಂದ ಭಾಗಿಸಿದರೆ ಪ್ರತಿ ಸೆಂಟಿಮೀಟರಿಗೆ 132 ಲೀಟರ್ ಬೀಳುತ್ತದೆ. ಮೇಲಿನ ಅಂಕಿಗಳ ಪ್ರಕಾರ ನೀರು ಸೀಳಿನ ತಳದಿಂದ ಸುಮಾರು 1.6 ಸೆಂ.ಮೀ. ಮೇಲೆ ನಿಲ್ಲುತ್ತದೆ. ಎಲೆ, ಪಾಚಿ ಸಿಕ್ಕಿಕೊಳ್ಳುವುದನ್ನೂ ಗಮನಿಸಿ ಸೀಳಿನ ಆಳವನ್ನು 3 ಸೆಂ.ಮೀ. ಇಡಿ.

ಸೀಳಿನ ತಳ ತೊಟ್ಟಿಯ ಅಂಚಿನಿಂದ 5 ಸೆಂ.ಮೀ. ಕೆಳಗಿರಲಿ, ಹಲ್ಲುಗಳ ತುದಿ ಅಂಚಿನಿಂದ 2 ಸೆಂ.ಮೀ. ಕೆಳಗೆ ಬರುತ್ತದೆ. ಸೀಳುಗಳೆಲ್ಲ ಕಟ್ಟಿಕೊಂಡ ದಿನ ನೀರು ಹಲ್ಲುಗಳ ತಲೆಯ ಮೇಲೆಯೇ ಹರಿಯಬೇಕಾಗುತ್ತದೆ. ಆಗ ಪೂರ್ತಿ 50 ಸೆಂ.ಮೀ. ಉದ್ದ ಸಿಗುವುದರಿಂದ 0.8 ಸೆಂ.ಮೀ. ಪದರ ಸಾಕು, ನೀರು ಇನ್ನೂ ತೊಟ್ಟಿಯ ಒಳಗೇ ಉಳಿಯುತ್ತದೆ. ಹಲ್ಲಿನ ತುದಿಯನ್ನು ತೊಟ್ಟಿಯ ಅಂಚಿಗೆ ಸಮನಾಗಿ ಇಟ್ಟವರ ಮನೆಯಲ್ಲಿ ಒಂದು ಹಿಡಿ ಕೊಳೆತ ಎಲೆ ನೆಲವನ್ನೆಲ್ಲ ಒದ್ದೆ ಮಾಡಬಲ್ಲದು.

ಮೂರನೆಯ ಹೆಜ್ಜೆ: ಇಳಿಪೈಪಿನ ವ್ಯಾಸ

ಪೈಪಿನಲ್ಲಿ ನೀರು ಎರಡು ಬಗೆಯಲ್ಲಿ ಇಳಿಯಬಹುದು. ಒಂದು, ನೀರಿನ ಜೊತೆ ಗಾಳಿಯೂ ಸೇರಿ ಇಳಿಯುವುದು. ಇನ್ನೊಂದು, ಪೈಪಿನ ತುಂಬ ನೀರೇ ಇದ್ದು ಸೈಫನ್ ಆಗಿ ಎಳೆಯುವುದು. ಗಾಳಿ ಸೇರಿದ ಪೈಪಿನಲ್ಲಿ ನೀರು ಒಳಗೋಡೆಗೆ ಅಂಟಿಕೊಂಡು, ನಡುವೆ ಗಾಳಿಗೆ ದಾರಿ ಬಿಟ್ಟು ಇಳಿಯುವ ತನಕ ಸದ್ದಿರುವುದಿಲ್ಲ. ಪೈಪಿನ ಕಾಲು ಭಾಗಕ್ಕಿಂತ ಹೆಚ್ಚು ನೀರು ತುಂಬಿದೊಡನೆ ಗುಳುಗುಳು ಶುರುವಾಗುತ್ತದೆ. ಈ ಮಿತಿಯಲ್ಲಿ ಒಂದು ಇಂಚಿನ ಪೈಪು ಗಂಟೆಗೆ ಸುಮಾರು 600 ಲೀಟರ್, ಒಂದೂಕಾಲು ಇಂಚಿನದು 1,100, ಒಂದೂವರೆ ಇಂಚಿನದು 2,000 ಲೀಟರನ್ನಷ್ಟೇ ಸದ್ದಿಲ್ಲದೆ ಇಳಿಸುತ್ತದೆ. ಮಲಗುವ ಕೋಣೆಯ ಪಕ್ಕದಲ್ಲಿ ತೊಟ್ಟಿ ಇಟ್ಟವರಿಗೆ ಈ ಅಂಕಿಗಳ ಮಹತ್ವ ವಿವರಿಸಬೇಕಾಗಿಲ್ಲ.

ಸೈಫನ್ ಆದರೆ ಅದೇ ಪೈಪು ಹಲವು ಪಟ್ಟು ಹೆಚ್ಚು ನೀರು ಸಾಗಿಸುತ್ತದೆ, ಸದ್ದೂ ಇರುವುದಿಲ್ಲ. ಇದರ ಲೆಕ್ಕಕ್ಕೆ ಎರಡು ಅಳತೆ ಬೇಕು: ಪೈಪಿನ ಒಳವ್ಯಾಸ ಮಿ.ಮೀ.ನಲ್ಲಿ, ಮತ್ತು ಕೋಡಿ ಪೆಟ್ಟಿಗೆಯ ನೀರಿನ ಮಟ್ಟದಿಂದ ಸಂಪಿನ ನೀರಿನ ಮಟ್ಟದವರೆಗಿನ ಇಳಿತ ಸೆಂ.ಮೀ.ನಲ್ಲಿ. ಪೈಪಿನ ಉದ್ದ ಒಂದೂವರೆ ಮೀಟರ್ ಆಸುಪಾಸಿನಲ್ಲಿದ್ದು ಎರಡು ಎಲ್ಬೋಗಳಿದ್ದರೆ, ಒಳವ್ಯಾಸದ ವರ್ಗವನ್ನು ಇಳಿತದ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 0.56ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಲೀಟರ್ ಎಂಬ ಅಂದಾಜು ಸಿಗುತ್ತದೆ. ತಿಕ್ಕಾಟ, ತಿರುವು, ಪೈಪಿನ ಬಾಯಿಯಲ್ಲಾಗುವ ನಷ್ಟಗಳೆಲ್ಲ ಆ 0.56ರಲ್ಲಿ ಸೇರಿವೆ. ಹೆಚ್ಚುವರಿಯಾಗಿ ಹಾಕುವ ಒಂದೊಂದು ಎಲ್ಬೋಗೂ ನೂರಕ್ಕೆ ಎಂಟರಷ್ಟು ಕಳೆಯಿರಿ.

ನಮ್ಮ ತೊಟ್ಟಿಯಲ್ಲಿ ಪೆಟ್ಟಿಗೆಯ ನೀರು ಅಂಚಿನಿಂದ 10 ಸೆಂ.ಮೀ. ಕೆಳಗೆ ನಿಲ್ಲುತ್ತದೆ ಎಂದುಕೊಂಡರೆ ನೆಲದಿಂದ 115 ಸೆಂ.ಮೀ. ಎತ್ತರದಲ್ಲಿರುತ್ತದೆ, ಸಂಪಿನ ನೀರು 25 ಸೆಂ.ಮೀ. ಎತ್ತರದಲ್ಲಿದೆ, ಇಳಿತ 90. ಅದರ ವರ್ಗಮೂಲ ಸುಮಾರು 9.5. ಮುಕ್ಕಾಲು ಇಂಚಿನ ದಪ್ಪ ಗೋಡೆಯ ಪೈಪಿನ ಒಳವ್ಯಾಸ 19 ಮಿ.ಮೀ. ಇದ್ದರೆ 19ರ ವರ್ಗ 361. ಗುಣಿಸಿದರೆ 1,900 ಲೀಟರ್. ಪಂಪಿನ ಈಗಿನ ಹರಿವಿಗೆ ಇದು ಕೂದಲೆಳೆಯಷ್ಟು ಸಾಲುತ್ತದೆ, ನಮ್ಮ 2,250ಕ್ಕೆ ಸಾಲುವುದಿಲ್ಲ. ಒಂದು ಇಂಚಿನ ಪೈಪಿನ ಒಳವ್ಯಾಸ 24 ಮಿ.ಮೀ. ಇದ್ದರೆ 576ನ್ನು ಗುಣಿಸಿ ಸುಮಾರು 3,060 ಲೀಟರ್ ಸಿಗುತ್ತದೆ. ಆದ್ದರಿಂದ ಒಂದು ಇಂಚೇ ಸರಿ. ಹೆಚ್ಚಾದ ಶಕ್ತಿಯನ್ನು ಕೆಳಗಡೆ ಹಾಕುವ ವಾಲ್ವಿನಿಂದ ತಗ್ಗಿಸಬಹುದು, ಕಡಿಮೆಯಾದದ್ದನ್ನು ಯಾವ ವಾಲ್ವಿನಿಂದಲೂ ಹೆಚ್ಚಿಸಲಾಗದು.

ಪೈಪು ಕೊಳ್ಳುವಾಗ ಒಂದು ಗೊಂದಲ ನಮ್ಮ ಊರುಗಳಲ್ಲಿ ಸದಾ ಎದುರಾಗುತ್ತದೆ. ತೋಟಕ್ಕೆ, ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪುಗಳೇ ಇಲ್ಲಿನ ಅಂಗಡಿಗಳ ಮುಖ್ಯ ಸರಕು, ಅವುಗಳ ಮೇಲೆ 25, 32, 40 ಮಿ.ಮೀ. ಎಂದು ಬರೆದಿರುವುದು ಹೊರವ್ಯಾಸ. ಮನೆಯ ನಲ್ಲಿ ಕೆಲಸಕ್ಕೆ ಬಳಸುವ ಪೈಪುಗಳನ್ನು ಇಂಚಿನಲ್ಲಿ ಕರೆಯುತ್ತಾರೆ, ಆ ಇಂಚು ಒಳವ್ಯಾಸವೂ ಅಲ್ಲ, ಹೊರವ್ಯಾಸವೂ ಅಲ್ಲ, ಹೆಸರಿಗೊಂದು ಅಳತೆ. ಕಾಫಿ ತೋಟದಲ್ಲಿ ಉಳಿದ 25 ಮಿ.ಮೀ. ಪೈಪನ್ನು ಒಂದು ಇಂಚಿನದೆಂದು ತಂದು ಜೋಡಿಸಿದರೆ ಒಳಗಿನ ಬಾಯಿ 22 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ವ್ಯಾಸ ವರ್ಗವಾಗಿ ಲೆಕ್ಕಕ್ಕೆ ಬರುವುದರಿಂದ ಎರಡೇ ಮಿ.ಮೀ. ಹೋದರೂ ಹರಿವಿನ ಆರನೆಯ ಒಂದು ಭಾಗ ಹೋಗುತ್ತದೆ. ಆದ್ದರಿಂದ ಸ್ಕೇಲ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ, ಪೈಪಿನ ತುದಿಗೆ ಹಿಡಿದು ಒಳ ಅಳತೆ ನೋಡಿ. ಪೈಪಿನಷ್ಟೇ ಮುಖ್ಯವಾದದ್ದು ಟ್ಯಾಂಕ್ ನಿಪ್ಪಲ್. ಮಾಳಿಗೆಯ ನೀರಿನ ಟ್ಯಾಂಕಿಗೆ ಹಾಕುವ ಅದೇ ನಿಪ್ಪಲ್ ಇಲ್ಲಿಯೂ ಗಾಜಿನ ರಂಧ್ರದಲ್ಲಿ ಕೂರುತ್ತದೆ, ಆದರೆ ಕೆಲವದರ ಒಳಬಾಯಿ ಪೈಪಿಗಿಂತ ಕಿರಿದಾಗಿರುತ್ತದೆ. ಇಡೀ ದಾರಿಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗದ ವ್ಯಾಸವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಗಾಜು ಕೊರೆಯದೆ ತಲೆಕೆಳಗಾದ ಪೈಪಿನಿಂದ ಮಾಡುವ ಕೋಡಿ

ಗಾಜಿಗೆ ರಂಧ್ರ ಮಾಡಲು ಹೆದರುವವರು ತೊಟ್ಟಿಯ ಅಂಚನ್ನು ಹತ್ತಿ ಇಳಿಯುವಂತೆ ಪಿವಿಸಿ ಪೈಪನ್ನು ಬಾಗಿಸಿ ಕೋಡಿ ಮಾಡಿಕೊಳ್ಳುತ್ತಾರೆ. ಅಗ್ಗವಾಗಿ ಆಗುತ್ತದೆ, ಗಾಜು ಒಡೆಯುವ ಭಯವಿಲ್ಲ. ಆದರೂ ನಾನು ಇದನ್ನು ಶಿಫಾರಸು ಮಾಡಲಾರೆ. ಕಾರಣ ಲೆಕ್ಕದಲ್ಲೇ ಇದೆ. ಈ ಬಾಗಿದ ಪೈಪಿನಲ್ಲಿ ನೀರನ್ನು ತಳ್ಳುವುದು ಸಂಪಿನವರೆಗಿನ 90 ಸೆಂ.ಮೀ. ಇಳಿತವಲ್ಲ, ಅದರ ಹೊರಬದಿಯಲ್ಲಿ ನೀರು ಗಾಳಿಗೆ ತೆರೆದುಕೊಂಡು ಬೀಳುವ ಬಾಯಿಯ ಮಟ್ಟಕ್ಕೂ ತೊಟ್ಟಿಯ ನೀರಿನ ಮಟ್ಟಕ್ಕೂ ಇರುವ ವ್ಯತ್ಯಾಸ ಮಾತ್ರ, ಅದು ಸಾಮಾನ್ಯವಾಗಿ 3 ಸೆಂ.ಮೀ. ಅದೇ ಸೂತ್ರದಲ್ಲಿ 90ರ ಜಾಗದಲ್ಲಿ 3 ಇಟ್ಟು ನೋಡಿ: ಒಂದು ಇಂಚಿನ ಪೈಪು 3,060ರ ಬದಲು 560 ಲೀಟರಿಗೆ ಇಳಿಯುತ್ತದೆ. ಒಂದೂವರೆ ಇಂಚು ಹಾಕಿದರೂ 1,400 ಲೀಟರ್. ದೊಡ್ಡ ಪೈಪು ಹಾಕಿದಷ್ಟೂ ಒಳಗಿನ ನೀರು ನಿಧಾನವಾಗಿ ಚಲಿಸುವಂತಾಗಿ, ನೀರಿನಲ್ಲಿರುವ ಸಣ್ಣ ಗುಳ್ಳೆಗಳು ಕೊಚ್ಚಿಹೋಗದೆ ಬಾಗಿನ ನೆತ್ತಿಯಲ್ಲಿ ಸೇರಿಕೊಳ್ಳುತ್ತವೆ, ಒಂದು ದಿನ ಸೈಫನ್ ಕಡಿದುಹೋಗುತ್ತದೆ. ಆಗ ಪಂಪು ಮಾತ್ರ ಏನೂ ತಿಳಿಯದಂತೆ ಸಂಪಿನ ನೀರನ್ನೆಲ್ಲ ಮೇಲಕ್ಕೆ ಸುರಿಯುತ್ತಲೇ ಇರುತ್ತದೆ. ಗಾಳಿ ಎಳೆಯಲು ಇನ್ನೊಂದು ಪುಟ್ಟ ಪಂಪು ಇಡಬಹುದು, ಆದರೆ ಕೆಡಬಹುದಾದ ವಸ್ತುಗಳ ಸಂಖ್ಯೆ ಹೆಚ್ಚಿದಂತಾಯಿತೇ ಹೊರತು ಕಡಿಮೆಯಾಗಲಿಲ್ಲ.

ನಾಲ್ಕನೆಯ ಹೆಜ್ಜೆ: ಎರಡನೆಯ ಪೈಪು

ಸೈಫನ್ ಪೈಪು ಒಂದೇ ಇರಬಾರದು. ಅದರ ವಾಲ್ವಿನಲ್ಲಿ ಒಂದು ಬಸವನಹುಳು ಸಿಕ್ಕಿಕೊಂಡರೆ ಸಾಕು, ಹರಿವು ಅರ್ಧಕ್ಕಿಳಿಯುತ್ತದೆ. ಗಿಡದ ತೊಟ್ಟಿಗಳಲ್ಲಿ ಇವು ತಾವಾಗಿಯೇ ಹುಟ್ಟಿಕೊಂಡು ರಾತ್ರಿಯ ಹೊತ್ತು ಸೀಳುಗಳನ್ನು ದಾಟಿ ಪೆಟ್ಟಿಗೆಯೊಳಗೆ ಬಂದೇ ಬರುತ್ತವೆ, ಅವುಗಳ ಗಟ್ಟಿ ಚಿಪ್ಪು ಅರೆ ತೆರೆದ ಬಾಲ್ ವಾಲ್ವಿನ ಸಂದಿಗೆ ಅಳೆದು ಮಾಡಿದಂತೆ ಕೂರುತ್ತದೆ. ಆದ್ದರಿಂದ ಪಕ್ಕದಲ್ಲಿ ಮೇಲ್ಮುಖವಾಗಿ ಬಾಯಿ ತೆರೆದ, ವಾಲ್ವ್ ಇಲ್ಲದ ಇನ್ನೊಂದು ಪೈಪು, ಎಂದರೆ ಆಪತ್ತಿನ ಪೈಪು, ನಿಂತಿರಬೇಕು. ಅದು ಒಂಟಿಯಾಗಿಯೇ ಪಂಪಿನ ಪೂರ್ತಿ ನೀರನ್ನು ಇಳಿಸುವಷ್ಟು ದೊಡ್ಡದಿರಬೇಕು.

ಎರಡನೆಯದನ್ನೂ ಒಂದೇ ಇಂಚಿಗೆ ಹಾಕಿ, ತುಂಬಿದಾಗ ಅದೂ ಸೈಫನ್ ಆಗಿ ಎಳೆದುಕೊಳ್ಳುತ್ತದೆ ಎಂದು ಭರವಸೆ ಇಡುವ ಪದ್ಧತಿ ಇದೆ. ಸಾಮಾನ್ಯವಾಗಿ ಎಳೆಯುತ್ತದೆ, ಆದರೆ ಎಳೆಯಲು ಶುರುವಾಗುವ ಮುನ್ನ ಅದರ ಬಾಯಿಯ ಮೇಲೆ 3 ಸೆಂ.ಮೀ. ನೀರು ನಿಂತಾಗ ಇಳಿಯುವುದು ಗಂಟೆಗೆ 750 ಲೀಟರ್ ಮಾತ್ರ. ಒಂದೂವರೆ ಇಂಚಿನ, ಎಂದರೆ ಸುಮಾರು 38 ಮಿ.ಮೀ. ಒಳವ್ಯಾಸದ ಪೈಪು ಸೈಫನ್ನಿನ ಹಂಗಿಲ್ಲದೆ 3 ಸೆಂ.ಮೀ. ನೀರಿಗೆ 1,880 ಲೀಟರನ್ನೂ 4 ಸೆಂ.ಮೀ.ಗೆ ಸುಮಾರು 2,170 ಲೀಟರನ್ನೂ ಇಳಿಸುತ್ತದೆ. ಅಳೆದ 1,800 ಇಲ್ಲಿ ಸಲೀಸಾಗಿ ಹೋಗುತ್ತದೆ, 2,250ಕ್ಕೂ 4 ಸೆಂ.ಮೀ.ಗಿಂತ ತುಸುವೇ ಹೆಚ್ಚು ನೀರು ಸಾಕು. ಆಪತ್ತಿನ ಪೈಪಿನಲ್ಲಿ ನನಗೆ ಬೇಕಾದದ್ದು ಈ ನಿಶ್ಚಿತತೆ. ಬೆಲೆಯ ವ್ಯತ್ಯಾಸ ಒಂದು ಹೊಸ ಮೀನಿನ ಬೆಲೆಯಷ್ಟೂ ಆಗಲಿಕ್ಕಿಲ್ಲ.

ಈ ಪೈಪಿನ ಬಾಯಿ ಸೀಳುಗಳ ತಳದಿಂದ 5 ಸೆಂ.ಮೀ. ಕೆಳಗಿರಲಿ. ಅದರ ಮೇಲೆ 4 ಸೆಂ.ಮೀ. ನೀರು ಏರಿದರೂ ಪೆಟ್ಟಿಗೆಯ ಮಟ್ಟ ಕೋಡಿಗಿಂತ ಕೆಳಗೇ ಇರುತ್ತದೆ, ಮೇಲಿನ ತೊಟ್ಟಿಯ ಮಟ್ಟಕ್ಕೆ ಏನೂ ಆಗುವುದಿಲ್ಲ. ಸೈಫನ್ ಪೈಪಿನ ಬಾಯಿ ಇದಕ್ಕಿಂತ 10 ಸೆಂ.ಮೀ. ಕೆಳಗೆ, ಒಂದು ಎಲ್ಬೋ ಹಾಕಿ ನೆಲಮುಖವಾಗಿರಲಿ; ಇಲ್ಲವಾದರೆ ನೀರು ಸುಳಿ ಸುತ್ತಿ ಗಾಳಿ ಎಳೆಯುತ್ತದೆ. ಆ ಬಾಯಿಗೆ ರಂಧ್ರಗಳಿರುವ ಮುಚ್ಚಳ ಹಾಕುವುದಾದರೆ ರಂಧ್ರಗಳ ಒಟ್ಟು ವಿಸ್ತೀರ್ಣ ಪೈಪಿನ ಬಾಯಿಯ ಎರಡರಷ್ಟಾದರೂ ಇರಲಿ. ಆಪತ್ತಿನ ಪೈಪಿಗೆ ಮಾತ್ರ ಎಂದೂ ಜಾಲರಿ ಹಾಕಬೇಡಿ.

ಎರಡೂ ಪೈಪುಗಳ ಕೆಳತುದಿ ಸಂಪಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಸಣ್ಣ ವಿಷಯದಂತೆ ಕಂಡರೂ ಕರೆಂಟ್ ಬಂದ ಗಳಿಗೆಯಲ್ಲಿ ಅದೇ ನಿರ್ಣಾಯಕ. ಸೈಫನ್ ಪೈಪಿನ ತುದಿ ನೀರಿನಲ್ಲಿ ಒಂದೆರಡು ಸೆಂ.ಮೀ. ಮಾತ್ರ ಮುಳುಗಿರಬೇಕು. ಒಂದು ಗೇಣು ಮುಳುಗಿಸಿದರೆ, ಮತ್ತೆ ಶುರುವಾಗುವಾಗ ಪೈಪಿನಲ್ಲಿ ಸಿಕ್ಕ ಗಾಳಿಗೆ ಅಷ್ಟು ನೀರನ್ನು ತಳ್ಳಿ ಹೊರಬರಲಾಗದೆ, ಸೈಫನ್ ಹಿಡಿಯದೆ ನೀರೆಲ್ಲ ಆಪತ್ತಿನ ಪೈಪಿನ ಪಾಲಾಗುತ್ತದೆ. ಆಪತ್ತಿನ ಪೈಪಿನ ತುದಿಯನ್ನು ಸಂಪಿನ ನೀರಿಗಿಂತ ಮೇಲೆ ನಿಲ್ಲಿಸಿ. ಅದರಲ್ಲಿ ನೀರು ಜೋರಾಗಿ ಬಿದ್ದ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ, ಮುಖ್ಯ ಪೈಪು ಕಟ್ಟಿದೆ ಎಂಬ ಎಚ್ಚರಿಕೆ ಬೇರೆ ಖರ್ಚಿಲ್ಲದೆ ಸಿಕ್ಕಿದಂತಾಗುತ್ತದೆ.

ಐದನೆಯ ಹೆಜ್ಜೆ: ಕರೆಂಟ್ ಹೋದಾಗ ಸಂಪಿಗೆ ಬರುವ ನೀರು

ಪಂಪು ನಿಂತ ಮೇಲೂ ನೀರು ಕೆಲಕಾಲ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು. ಸೀಳಿನ ತಳದಿಂದ ಮೇಲಿರುವ 1.6 ಸೆಂ.ಮೀ. ನೀರು ಪೂರ್ತಿ ಇಳಿಯುತ್ತದೆ: 120, 45, 1.6 ಗುಣಿಸಿ ಸಾವಿರದಿಂದ ಭಾಗಿಸಿದರೆ 8.6 ಲೀಟರ್. ಪಂಪಿನ ನೀರು ತೊಟ್ಟಿಗೆ ಬೀಳುವ ಬಾಯಿ ಸೀಳಿನ ತಳಕ್ಕಿಂತ 1 ಸೆಂ.ಮೀ. ಕೆಳಗಿದ್ದರೆ, ಆ ಪೈಪೇ ಹಿಮ್ಮುಖವಾಗಿ ಸೈಫನ್ ಆಗಿ ಇನ್ನೂ 5.4 ಲೀಟರ್ ಎಳೆಯುತ್ತದೆ. ಪೆಟ್ಟಿಗೆಯಲ್ಲಿ 30 ಗುಣಿಸು 10 ಗುಣಿಸು 10, ಎಂದರೆ 3 ಲೀಟರ್. ಪೈಪುಗಳೊಳಗೆ ಒಂದೂವರೆ ಲೀಟರ್. ಒಟ್ಟು ಹದಿನೆಂಟೂವರೆ ಲೀಟರ್. ಅದರ ಒಂದೂವರೆ ಪಟ್ಟು, ಎಂದರೆ 28 ಲೀಟರ್ ಹಿಡಿಯುವ ಖಾಲಿ ಜಾಗ ಸಂಪಿನಲ್ಲಿ ಸದಾ ಇರಬೇಕು. ನಮ್ಮ ಸಂಪಿನಲ್ಲಿ 25 ಸೆಂ.ಮೀ. ಮೇಲೆ 13 ಸೆಂ.ಮೀ. ಖಾಲಿ ಇದ್ದು ಅಲ್ಲಿ 34 ಲೀಟರ್ ಹಿಡಿಯುವುದರಿಂದ ಭಯವಿಲ್ಲ.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಪಂಪಿನ ಪೈಪಿನ ಬಾಯಿ. ನೋಟಕ್ಕೆ ಚೆನ್ನಾಗಿರಲೆಂದು ಅದನ್ನು 10 ಸೆಂ.ಮೀ. ಆಳಕ್ಕೆ ಇಳಿಸಿದರೆ ಅದೊಂದೇ 54 ಲೀಟರ್ ನೀರನ್ನು ಕೆಳಗೆ ತರುತ್ತದೆ, ಯಾವ ಕೋಡಿಯ ಲೆಕ್ಕವೂ ಆಗ ಉಪಯೋಗಕ್ಕೆ ಬರುವುದಿಲ್ಲ. ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಕೊಂಡು ನಿಶ್ಚಿಂತರಾಗುವವರಿದ್ದಾರೆ. ಒಂದು ಮರಳಿನ ಕಣ, ಒಂದು ಎಳೆ ಪಾಚಿ ಸಿಕ್ಕಿದರೆ ಅದು ಪೂರ್ತಿ ಮುಚ್ಚುವುದಿಲ್ಲ. ಬಾಯಿಯನ್ನು ಮೇಲಕ್ಕೆತ್ತುವುದೇ ಖಚಿತವಾದ ಉಪಾಯ.

ಇದಕ್ಕೆ ವಿರುದ್ಧವಾದ ಲೆಕ್ಕವೂ ಒಂದಿದೆ. ಕೋಡಿ ಪೂರ್ತಿ ಮುಚ್ಚಿಹೋಗಿ ಪಂಪು ಓಡುತ್ತಲೇ ಇದ್ದರೆ ಸಂಪಿನಲ್ಲಿ ಅಡ್ಡಗಾಜಿನಿಂದ ಬೇರ್ಪಡಿಸಿದ, ಪಂಪಿರುವ ಕೋಣೆಯ ನೀರೆಲ್ಲ ಮೇಲಕ್ಕೆ ಹೋಗುತ್ತದೆ. ಮೇಲೆ ನೀರಿನ ಮಟ್ಟದಿಂದ ಅಂಚಿನವರೆಗೆ 3.4 ಸೆಂ.ಮೀ., ಎಂದರೆ 18 ಲೀಟರಿಗೆ ಜಾಗವಿದೆ. ಸಂಪಿನ ಪಂಪಿನ ಕೋಣೆ 35 ಗುಣಿಸು 25 ಸೆಂ.ಮೀ. ಇದ್ದು ಪಂಪು ಎಳೆಯಬಲ್ಲ ಆಳ 16 ಸೆಂ.ಮೀ. ಇದ್ದರೆ 14 ಲೀಟರ್ ಮಾತ್ರ ಹೋಗುತ್ತದೆ. ಪಂಪು ಒಣಗಿ ಓಡೀತು, ನೆಲ ಒಣಗಿಯೇ ಇರುತ್ತದೆ. ಸಂಪಿನ ಅಡ್ಡಗಾಜುಗಳನ್ನು ಅಂಟಿಸುವ ಮೊದಲೇ ಈ ಕೋಣೆಯನ್ನು ಚಿಕ್ಕದಾಗಿಡಿ.

ಆವಿಯಾಗಿ ಹೋದ ನೀರಿನ ಕೊರತೆ ಕಾಣುವುದೂ ಈ ಕೋಣೆಯಲ್ಲೇ. ಅರಸೀಕೆರೆಯಂತಹ ಒಣ ಸೀಮೆಯ ಬೇಸಿಗೆಯಲ್ಲಿ ಮತ್ತೆ ಮತ್ತೆ ತುಂಬಬೇಕಾಗುತ್ತದೆ, ತುಂಬುವ ಕೈ ಸ್ವಲ್ಪ ಧಾರಾಳವಾದರೆ ಸಂಪಿನ ಖಾಲಿ ಜಾಗ ಗೊತ್ತಿಲ್ಲದೆ ಕಡಿಮೆಯಾಗುತ್ತದೆ. ಪಂಪು ಓಡುವಾಗ ಮೀರಬಾರದ ಮಟ್ಟಕ್ಕೆ ಹೊರಗಡೆ ಬಣ್ಣದ ಟೇಪಿನಿಂದ ಗೆರೆ ಹಾಕಿಡಿ.

ಆರನೆಯ ಹೆಜ್ಜೆ: ಕೊರೆಯುವುದು ಮತ್ತು ಜೋಡಿಸುವುದು

ಟಫನ್ ಮಾಡಿದ, ಎಂದರೆ ಕಾಯಿಸಿ ಗಡಸು ಮಾಡಿದ ಗಾಜನ್ನು ಕೊರೆಯಲಾಗದು. ಕೊರೆಯಹೊರಟರೆ ಇಡೀ ಗಾಜು ಚೂರುಚೂರಾಗುತ್ತದೆ. ತೊಟ್ಟಿ ಕಟ್ಟಿಕೊಟ್ಟವರನ್ನು ಕೇಳಿ, ತಳದ ಗಾಜು ಸಾದಾ ಗಾಜೆಂದು ಖಚಿತವಾದ ಮೇಲೆ ಮುಂದುವರಿಯಿರಿ. ರಂಧ್ರದ ಅಳತೆಯನ್ನು ಕೈಯಲ್ಲಿರುವ ನಿಪ್ಪಲ್ಲಿನ ತಿರುಪಿನ ಸುತ್ತುಗಳಿರುವ ಭಾಗವನ್ನು ಅಳೆದೇ ತೀರ್ಮಾನಿಸಬೇಕು, ಏಕೆಂದರೆ ತಯಾರಕರಿಂದ ತಯಾರಕರಿಗೆ ಅದು ಬದಲಾಗುತ್ತದೆ. ರಂಧ್ರಕ್ಕೂ ಗಾಜಿನ ಅಂಚಿಗೂ, ಒಂದು ರಂಧ್ರಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಒಂದು ರಂಧ್ರದ ವ್ಯಾಸದಷ್ಟು ಗಾಜು ಉಳಿಯಬೇಕು. ಪೆಟ್ಟಿಗೆಯ ಅಗಲ 10 ಸೆಂ.ಮೀ. ಇದ್ದು ಈ ನಿಯಮಕ್ಕೆ ಜಾಗ ಸಾಲದೆ ಹೋದರೆ ಪೆಟ್ಟಿಗೆಯನ್ನೇ ಅಗಲ ಮಾಡಿ, ನಿಯಮವನ್ನು ಸಡಿಲಿಸಬೇಡಿ. ಅಗಲ ಮಾಡಿದಾಗ ಐದನೆಯ ಹೆಜ್ಜೆಯ 3 ಲೀಟರನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.

ವಜ್ರದ ಪುಡಿ ಲೇಪಿಸಿದ ಹೋಲ್ ಸಾ (ದುಂಡು ರಂಧ್ರ ಕೊರೆಯುವ ಗರಗಸ) ಬಳಸಿ, ಬ್ಯಾಟರಿ ಡ್ರಿಲ್ಲಿನಲ್ಲಿ ನಿಧಾನ ವೇಗದಲ್ಲಿ, ಹ್ಯಾಮರ್ ಗುಂಡಿ ಬಂದ್ ಮಾಡಿ ಕೊರೆಯಿರಿ. ನೀರು ಸದಾ ಹನಿಯುತ್ತಿರಬೇಕಾದ್ದರಿಂದ ವೈರಿನ ಡ್ರಿಲ್ ಅಪಾಯಕರ. ಕಣ್ಣಿಗೆ ಕನ್ನಡಕ ಕಡ್ಡಾಯ. ಗಾಜಿನ ಹಿಂಬದಿಗೆ ಟೇಪು ಅಂಟಿಸಿ, ಕೊನೆಯ ಒಂದೆರಡು ಮಿ.ಮೀ. ಉಳಿದಾಗ ಡ್ರಿಲ್ಲಿನ ಭಾರವನ್ನೂ ಗಾಜಿನ ಮೇಲೆ ಬಿಡದೆ ಎತ್ತಿ ಹಿಡಿಯಿರಿ; ಅಂಚು ಸಿಡಿಯುವುದು ಆ ಹಂತದಲ್ಲೇ.

ಪೆಟ್ಟಿಗೆ ಅಂಟಿಸಲು ಬೂಷ್ಟು ನಿರೋಧಕ ಮದ್ದು ಬೆರೆಸದ ಸಾದಾ ಸಿಲಿಕೋನ್ ಬೇಕು. ಸಿಲಿಕೋನ್ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಮಲೆನಾಡಿನ ಹಸಿ ಗಾಳಿ ಅದಕ್ಕೆ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದು ಅಂಟಿಸುವ ಮುನ್ನ ಗಾಜಿನ ಮೇಲೆ ಕಣ್ಣಿಗೆ ಕಾಣದಂತೆ ಕೂತಿರುವ ತೇವ. ಬಟ್ಟೆಯಿಂದ ಒರೆಸಿ, ಅಸಿಟೋನ್ ಹಚ್ಚಿ ಒರೆಸಿ, ಒಣಗಿದ ಮೇಲೆ ಅಂಟಿಸಿ, ಎರಡು ದಿನ ಮುಟ್ಟದೆ ಬಿಡಿ. ಪಿವಿಸಿಗೂ ಅಕ್ರಿಲಿಕ್ಕಿಗೂ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಹಲ್ಲುಗಳಿಗೆ ಅಕ್ರಿಲಿಕ್ ಪಟ್ಟಿ ಬಳಸುವವರು ಅದನ್ನು ಸಿಕ್ಕಿಸಿ ನಿಲ್ಲಿಸುವ ಏರ್ಪಾಟು ಮಾಡಿಕೊಳ್ಳಬೇಕು. ಪೆಟ್ಟಿಗೆಯೊಳಗಿನ ನಿಲುಪೈಪುಗಳನ್ನು ನಿಪ್ಪಲ್ಲಿಗೆ ಒತ್ತಿ ಕೂರಿಸಿದರೆ ಸಾಕು, ಪಿವಿಸಿ ಅಂಟಿನ ಸಲ್ಯೂಷನ್ ಹಚ್ಚಿದರೆ ಮುಂದೆ ತೆಗೆದು ತೊಳೆಯಲಾಗುವುದಿಲ್ಲ. ಹಿತ್ತಾಳೆಯ ವಾಲ್ವ್ ಬೇಡ. ಅದರಲ್ಲಿರುವ ತಾಮ್ರ ಸಿಗಡಿಗಳಿಗೆ ವಿಷ.

ಏಳನೆಯ ಹೆಜ್ಜೆ: ಪರೀಕ್ಷೆ

ಮರಳು, ಗಿಡ, ಮೀನು ಯಾವುದೂ ಇಲ್ಲದೆ ಬರಿಯ ನೀರಿನಲ್ಲಿ ಪರೀಕ್ಷೆ ಆಗಬೇಕು. ಚಿಕ್ಕಮಗಳೂರಿನಲ್ಲಿ ಯಗಚಿಯ ನೀರು, ಹಾಸನದಲ್ಲಿ ಹೇಮಾವತಿಯ ನೀರು ನಲ್ಲಿಗೆ ಬರುವ ದಿನವನ್ನು ಇದಕ್ಕಾಗಿ ಇಟ್ಟುಕೊಂಡರೆ, ಸೋರಿದರೆ ಖಾಲಿ ಮಾಡಿ ಮತ್ತೆ ತುಂಬಲು ಕಷ್ಟವಾಗುವುದಿಲ್ಲ. ವಾಲ್ವನ್ನು ಪೂರ್ತಿ ತೆರೆದು ಪಂಪು ಹಾಕಿ. ಸೈಫನ್ ಹಿಡಿದು ಪೆಟ್ಟಿಗೆ ಬರಿದಾಗುತ್ತಾ ಗಾಳಿ ಎಳೆಯತೊಡಗುತ್ತದೆ. ವಾಲ್ವನ್ನು ಎಳ್ಳಷ್ಟು ಎಳ್ಳಷ್ಟೇ ಮುಚ್ಚುತ್ತಾ, ಒಂದೊಂದು ತಿರುವಿನ ನಂತರ ಐದು ನಿಮಿಷ ಕಾಯುತ್ತಾ, ಪೆಟ್ಟಿಗೆಯ ನೀರು ಆಪತ್ತಿನ ಪೈಪಿನ ಬಾಯಿಯ ತನಕ ಏರಿ ಅದರೊಳಗೆ ತೆಳ್ಳನೆಯ ಎಳೆಯೊಂದು ಇಳಿಯುವ ಹಂತಕ್ಕೆ ತನ್ನಿ. ಆ ಎಳೆ ಇರಲಿ, ಪಂಪಿನ ಹರಿವು ದಿನದಿಂದ ದಿನಕ್ಕೆ ತುಸು ಹೆಚ್ಚುಕಡಿಮೆಯಾದಾಗ ಅದನ್ನು ಸರಿದೂಗಿಸುವುದು ಅದೇ.

ಈಗ ಸ್ವಿಚ್ ಆರಿಸಿ. ಇಳಿಯುವ ನೀರೆಲ್ಲ ಇಳಿದು ನಿಂತ ಮೇಲೆ ಸಂಪಿನ ಮಟ್ಟ ಅಳೆದು, ಹದಿನೆಂಟೂವರೆ ಲೀಟರಿನ ಲೆಕ್ಕಕ್ಕೆ ತಾಳೆ ನೋಡಿ. ಮತ್ತೆ ಸ್ವಿಚ್ ಹಾಕಿ, ಸೈಫನ್ ತಾನಾಗಿಯೇ ಗಾಳಿ ಕಕ್ಕಿ ಹಿಡಿಯುತ್ತದೆಯೇ ಎಂದು ಗಮನಿಸಿ. ನೀರು ಇನ್ನೂ ಪೂರ್ತಿ ಇಳಿಯುವ ಮೊದಲೇ, ಹತ್ತು ಸೆಕೆಂಡಿನೊಳಗೆ ಮತ್ತೆ ಹಾಕಿಯೂ ನೋಡಬೇಕು, ಏಕೆಂದರೆ ಮಳೆಗಾಲದ ಕರೆಂಟ್ ಹೀಗೆಯೇ ಹೋಗಿ ಬರುತ್ತದೆ. ಪಂಪು ಇನ್ವರ್ಟರ್ ಮೇಲಿದ್ದರೂ ಈ ಪರೀಕ್ಷೆ ಬಿಡಬೇಡಿ, ಬ್ಯಾಟರಿ ಖಾಲಿಯಾಗುವ ರಾತ್ರಿಯೂ ಬರುತ್ತದೆ.

ಕೊನೆಯದಾಗಿ, ಪಂಪು ಓಡುತ್ತಿರುವಾಗಲೇ ಸೈಫನ್ ಪೈಪಿನ ವಾಲ್ವನ್ನು ಪೂರ್ತಿ ಮುಚ್ಚಿ. ಪೂರ್ತಿ ನೀರು ಆಪತ್ತಿನ ಪೈಪಿನಲ್ಲಿ ಸದ್ದು ಮಾಡುತ್ತಾ ಇಳಿಯಬೇಕು, ಪೆಟ್ಟಿಗೆಯ ಮಟ್ಟ ಸೀಳುಗಳ ತಳವನ್ನು ಮುಟ್ಟಬಾರದು. ಮುಟ್ಟಿದರೆ ಪೈಪು ಬದಲಿಸುವ ಅಥವಾ ಪಂಪನ್ನು ತಗ್ಗಿಸುವ ಸಮಯ ಇದೇ. ಹತ್ತು ನಿಮಿಷ ಹಾಗೆಯೇ ಓಡಿಸಿ, ಮಟ್ಟ ಅಲ್ಲಾಡದಿದ್ದರೆ ವಾಲ್ವನ್ನು ಮೊದಲಿನ ಗುರುತಿಗೆ ತಂದು, ಆ ಗುರುತನ್ನು ಪೈಪಿನ ಮೇಲೆ ಪೆನ್ನಿನಿಂದ ಬರೆದಿಡಿ. ತಿಂಗಳಿಗೊಮ್ಮೆ ವಾಲ್ವನ್ನು ಪೂರ್ತಿ ತೆರೆದು ಒಂದು ನಿಮಿಷ ಹರಿಯಬಿಟ್ಟರೆ ಒಳಗೆ ಕೂತ ಕಸ, ಬಸವನಹುಳು ಕೊಚ್ಚಿಕೊಂಡು ಸಂಪಿಗೆ ಬೀಳುತ್ತವೆ. ನಂತರ ಅದೇ ಗುರುತಿಗೆ ಮರಳಿಸಿ.